ಬಾತು ಬಂದವೆ, ತಂಗೀನ ಕಳ್ಸ್ಕೊಡಿ

ನಮ್ಮೂರಿನಲ್ಲಿ ಬಾತುಗಳನ್ನು ಬಯ್ಯದ ಮನೆ ಇರಲಿಲ್ಲ. ನಮ್ಮ ಮನೆಯಲ್ಲಂತೂ ಬೆಳಗಿನ ಕಾಫಿಗೆ ಮೊದಲೇ ಬೈಗುಳ ಶುರುವಾಗುತ್ತಿತ್ತು. ಹಾಗಿದ್ದೂ ಆ ಬಾತುಗಳು ಬರುವುದು ತಡವಾದರೆ ನಮ್ಮಜ್ಜಿಗೆ ಊಟ ಸೇರುತ್ತಿರಲಿಲ್ಲ. ಬಯ್ಯುವುದೂ ಕಾಯುವುದೂ ಒಟ್ಟಿಗೆ ಹೇಗೆ ನಡೆಯುತ್ತದೆ ಎಂದು ಹೊರಗಿನವರು ಕೇಳಬಹುದು. ನಮ್ಮ ಮನೆಯಲ್ಲಿ ನಡೆಯುತ್ತಿತ್ತು.

ಊರು ನಂಜನಗೂಡು ತಾಲ್ಲೂಕಿನದು. ಕೆರೆ ಊರಿಗಿಂತ ದೊಡ್ಡದು. ಮಳೆಗಾಲ ಮುಗಿದು ನೀರು ಇಳಿಯುತ್ತಾ ಹೋದ ಹಾಗೆ ಅಂಚಿನ ಕಪ್ಪು ಮಣ್ಣು ಹೊರಗೆ ಬರುತ್ತದೆ. ಅದಕ್ಕೆ ಅಂಟಿಕೊಂಡೇ ನಮ್ಮ ಕಡಲೆ ಹೊಲ. ಕಡಲೆ ಗೇಣುದ್ದ ಬೆಳೆದು ಎಳೆಯ ಕುಡಿ ಬಿಡುವ ಹೊತ್ತಿಗೆ ಸರಿಯಾಗಿ, ಕಾರ್ತಿಕ ಕಳೆಯುವಷ್ಟರಲ್ಲಿ, ಹಿಮಾಲಯದ ಆಚೆಯಿಂದ ಈ ಬಾತುಗಳು ಬಂದು ಇಳಿಯುತ್ತಿದ್ದವು. ಬೂದು ಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟೆ. ಪುಸ್ತಕಗಳಲ್ಲಿ ಪಟ್ಟೆತಲೆ ಹೆಬ್ಬಾತು ಎಂದಿದೆ. ಹಗಲೆಲ್ಲ ನೀರಿನಲ್ಲಿ ಸಂಭಾವಿತರಂತೆ ತೇಲಿಕೊಂಡಿದ್ದು, ಹೊತ್ತು ಮುಳುಗಿದ ಮೇಲೆ ಹೊಲಕ್ಕಿಳಿದು ಕುಡಿ ಮೇಯುವುದು ಅವುಗಳ ಕಸುಬು. ನಾವು ಹಣೆಗೆ ವಿಭೂತಿ ಹಚ್ಚುವ ಜನ. ಆ ಪಟ್ಟೆಗಳನ್ನು ನೋಡಿ ಅಜ್ಜಿ, “ನೋಡವ್ವಾ, ಈಬೂತಿನೂ ಇಟ್ಕೊಂಡವೆ ಕಳ್ಳನ್‌ಮಕ್ಳು. ಅದೂ ಕರ್ರಗೆ, ಅದೂ ಎರಡೇ ಗೀಟು,” ಎನ್ನುತ್ತಿದ್ದಳು.

ಆ ಹೊಲವನ್ನು ಚಿಕ್ಕವಳಾಗಿದ್ದಾಗಿನಿಂದ ಕಾಯುತ್ತಿದ್ದವಳು ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ. ಅವಳನ್ನು ಕೊಟ್ಟದ್ದು ತಿ. ನರಸೀಪುರ ತಾಲ್ಲೂಕಿನಲ್ಲಿ, ಸೋಮನಾಥಪುರದ ಹತ್ತಿರ, ನಾಲೆ ಬಯಲಿನ ಒಂದು ಊರಿಗೆ. ನಾಲೆ ಬಯಲಿನಲ್ಲಿ ವರ್ಷಪೂರ್ತಿ ನೀರು, ಹಾಗಾಗಿ ವರ್ಷಪೂರ್ತಿ ಕೆಲಸ. ಒಂದು ಭತ್ತ ಒಕ್ಕಣೆ ಮುಗಿಯುವಷ್ಟರಲ್ಲಿ ಇನ್ನೊಂದು ನಾಟಿ, ನಡುವೆ ಕಬ್ಬು. ಸೊಸೆಯನ್ನು ತವರಿಗೆ ಕಳಿಸಲು ಆ ಮನೆಗೆ ಬಿಡುವೆಂಬುದೇ ಇರಲಿಲ್ಲ. ಹಬ್ಬಕ್ಕೆ ಬಂದರೂ ಅರಿಶಿನ ಕುಂಕುಮ ತೆಗೆದುಕೊಂಡು ಸಂಜೆ ಬಸ್ಸಿಗೆ ವಾಪಸ್ಸು. ಅತ್ತೆಯ ಗಂಡ ಬಾಯಿ ಸತ್ತ ಮನುಷ್ಯ. ಮನೆ ನಡೆಯುತ್ತಿದ್ದದ್ದು ಅವನ ತಾಯಿಯ ಮಾತಿನ ಮೇಲೆ. ನಮ್ಮ ಮನೆಯಲ್ಲಿ ಆಕೆಗೆ ‘ಯಜಮಾನಿ’ ಎಂದೇ ಹೆಸರಾಗಿತ್ತು.

ಮದುವೆಯಾದ ಮೊದಲ ವರ್ಷ ಅತ್ತೆ ಇಲ್ಲದೆ ಹೊಲವನ್ನು ಬಾತುಗಳು ಬೋಳಿಸಿಟ್ಟವು. ಅದನ್ನೇ ಕಾರಣ ಮಾಡಿಕೊಂಡು ಅಜ್ಜಿ ಮಾರನೆಯ ವರ್ಷ ತಾನೇ ಬೀಗರ ಮನೆಗೆ ಹೋದಳಂತೆ. “ನಿಮ್ಮನೆಗೆ ಎಣ್ಣು ಕೊಟ್ಟೆ ಅನ್ಕೊಂಡಿದ್ದೆ ಕಣವ್ವಾ, ನಮ್ಮೊಲದ ಕಾವಲೂ ಅದರ ಜೊತೆಗೇ ಬಂದ್ಬುಟ್ಟದೆ. ಬಾತು ಇರೋಗಂಟ ಕಳ್ಸ್ಕೊಡಿ. ಬಾತು ಓದ ಮಾರನೇ ದಿನ ತಿರುಗಿ ಕಳಿಸ್ತೀವಿ, ಒಂದ್ ಕುಕ್ಕೆ ಕಡ್ಲೆ ಸಮೇತ.” ಯಜಮಾನಿ ಸ್ವಲ್ಪ ಹೊತ್ತು ಯೋಚನೆ ಮಾಡಿ ಒಪ್ಪಿಕೊಂಡರಂತೆ. ಬೆಳೆಯ ಮಾತೆಂದರೆ ಬೇಸಾಯದವರ ಮನೆಯಲ್ಲಿ ತೆಗೆದುಹಾಕುವಂತಿಲ್ಲ.

ಕೂಲಿಗೆ ನಮ್ಮೂರಿನಲ್ಲಿ ಜನ ಸಿಗುತ್ತಿರಲಿಲ್ಲವೇ? ಬೇಕಾದಷ್ಟು ಸಿಗುತ್ತಿದ್ದರು. ಅಪ್ಪ ಆ ಮಾತನ್ನು ಒಂದೇ ಒಂದು ಸಲ ಆಡಿದ. ಅಜ್ಜಿ ನೋಡಿದ ನೋಟಕ್ಕೆ ಮತ್ತೆ ಬಾಯಿ ಬಿಡಲಿಲ್ಲ.

ಹೀಗೆ ನಮ್ಮತ್ತೆಯ ತವರಿನ ದಿನಗಳು ಬಾತುಗಳ ಲೆಕ್ಕಕ್ಕೆ ಸೇರಿಹೋದವು. ಬಂದರೆ ಬಂದಳು. ಹೋದರೆ ಹೋದಳು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸ್ಕೂಲಿಗೆ ಹೋಗುತ್ತಿದ್ದಾಗ, ಕಾರ್ತಿಕ ಸೋಮವಾರಗಳು ಮುಗಿದವೆಂದರೆ ನಮ್ಮ ಮನೆಯ ಎಲ್ಲರ ಕತ್ತೂ ಆಕಾಶಕ್ಕೆ ತಿರುಗುತ್ತಿತ್ತು. ಅವು ಸಾಲು ಕಟ್ಟಿಕೊಂಡು, ಮೂಗಿನಲ್ಲಿ ಮಾತಾಡಿಕೊಂಡು ಬರುವ ಸದ್ದು ಕಾಣುವುದಕ್ಕಿಂತ ಮೊದಲೇ ಕೇಳುತ್ತಿತ್ತು. ಅಜ್ಜಿ ಅಂಗಳಕ್ಕೆ ಬಂದು, ಸೆರಗನ್ನು ಹಣೆಗೆ ಅಡ್ಡ ಹಿಡಿದು, “ಬಂದ್ವಾ ಮನೆಹಾಳು ಬಾತ್ಗಳು!” ಎಂದು ಕೂಗುತ್ತಿದ್ದಳು. ಹಾಗೆ ಕೂಗುವಾಗ ಅವಳ ಮುಖ ನೋಡಬೇಕಿತ್ತು. ಮದುವೆ ದಿಬ್ಬಣ ಬಂತೆಂದು ಹೇಳುವವರ ಮುಖ ಅದು.

ಮಾರನೆಯ ದಿನವೇ ಅಪ್ಪ ಬಿಳಿ ಪಂಚೆ ಉಟ್ಟು ಹೊರಡುತ್ತಿದ್ದ. ಹಟ ಹಿಡಿದು ನಾನೂ ಒಂದೆರಡು ಸಲ ಹೋಗಿದ್ದೇನೆ. ನಂಜನಗೂಡಿನಲ್ಲಿ ರಸಬಾಳೆಹಣ್ಣು, ವೀಳ್ಯದೆಲೆ ತೆಗೆದುಕೊಂಡು ನರಸೀಪುರದ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಾಲೆ ಏರಿಯ ಮೇಲೆ ನಡಿಗೆ. ಯಜಮಾನಿ ಜಗಲಿಯ ಮೇಲೆ ಕುಳಿತು ಕಣ್ಣು ಅರೆ ಮುಚ್ಚಿಕೊಂಡು ಕಿವಿಗೆ ಹಕ್ಕಿಯ ಗರಿ ಹಾಕಿ ತಿರುಗಿಸುತ್ತಿದ್ದರು. ಅದೊಂದೇ ಆ ಹೆಂಗಸಿನ ಷೋಕಿ. ಕೋಳಿಗರಿ ಚುಚ್ಚುತ್ತದೆ, ಕಾಗೆಗರಿ ಒರಟು. ಬಾತಿನ ಹೊಟ್ಟೆಯ ಕಡೆಯ ಗರಿಯಷ್ಟು ಹಿತ ಇನ್ನೊಂದಿಲ್ಲವಂತೆ. ಅತ್ತೆ ಪ್ರತಿ ವರ್ಷ ವಾಪಸ್ಸು ಹೋಗುವಾಗ ಕೆರೆಯ ದಡದಲ್ಲಿ ಉದುರಿದ್ದ ಗರಿಗಳನ್ನು ಆರಿಸಿ ತೊಳೆದು ಒಯ್ಯಬೇಕಿತ್ತು. ಅಜ್ಜಿಗೆ ಮೈಲಿಗೆಯ ಯೋಚನೆ. ಗರಿಗಳನ್ನು ಒಳಗೆ ತರಲು ಬಿಡದೆ ಸೂರಿನ ಸಂದಿಯಲ್ಲಿ ಸಿಕ್ಕಿಸಿಡಿಸುತ್ತಿದ್ದಳು.

ಕಾಫಿ ಬರುತ್ತಿತ್ತು. ಮಳೆ ಬೆಳೆಯ ಮಾತಾಗುತ್ತಿತ್ತು. ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು ಪ್ರತಿ ವರ್ಷದ ಮಾತನ್ನೇ ಆಡುತ್ತಿದ್ದ.

“ಕೆರೆಗೆ ಬಾತು ಬಂದವೆ ಕಣಮ್ಮಾ. ಒಲ ಕಾಯಕ್ಕೆ ಜನ ಇಲ್ಲ. ತಂಗೀನ ಕಳ್ಸ್ಕೊಡಿ.”

“ಕಬ್ಬು ಕಡಿಯೋ ಒತ್ನಲ್ಲೇ ಬರ್ತವಲ್ಲಪ್ಪಾ ನಿಮ್ಮ ಬಾತು,” ಎಂದು ಯಜಮಾನಿ ಗರಿಯನ್ನು ಕಿವಿಯಿಂದ ತೆಗೆದು ನೋಡಿ, “ಊಂ, ಏನ್ ಮಾಡಾಕಾಯ್ತದೆ. ಕರ್ಕೊಂಡೋಗು,” ಎನ್ನುತ್ತಿದ್ದರು.

ಆ ಮಾತು ಮುಗಿಯುವ ಮೊದಲೇ ಅತ್ತೆ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವಳ ಮಗ ಸ್ಕೂಲಿನ ಕಾರಣಕ್ಕೆ ಅಲ್ಲೇ ಉಳಿದು ಭಾನುವಾರಗಳಲ್ಲಿ ಅವರಪ್ಪನ ಜೊತೆ ಬಂದು ಹೋಗುತ್ತಿದ್ದ. ಆ ಮನೆಯಲ್ಲಿ ನಾನು ಅತ್ತೆಯ ದನಿಯನ್ನೇ ಕೇಳಿದ ನೆನಪಿಲ್ಲ. ತಲೆ ಬಗ್ಗಿಸಿ ಹೂಂ, ಉಹೂಂ ಅಷ್ಟೇ. ನಾಲೆ ಏರಿ ದಾಟಿ ಬಸ್ಸು ಹತ್ತಿದ ಮೇಲೆ ಮಾತು ಶುರುವಾದರೆ ಕಂಡಕ್ಟರು ತಿರುಗಿ ನೋಡಬೇಕು, ಹಾಗೆ.

ಅವಳ ದನಿಯ ವಿಷಯ ಹೇಳಿಬಿಡುತ್ತೇನೆ. ಇಷ್ಟೆಲ್ಲ ಬರೆಯುತ್ತಿರುವುದೇ ಅದಕ್ಕಾಗಿ.

ನಮ್ಮ ಹೊಲದ ನಡುವೆ ನಾಲ್ಕು ಕಂಬದ ಮೇಲೆ ಒಂದು ಅಟ್ಟಣೆ. ಮೇಲೆ ತೆಂಗಿನ ಗರಿಯ ಮಾಡು. ಹೊಲದ ಅಡ್ಡಕ್ಕೂ ಉದ್ದಕ್ಕೂ ಕೆಟ್ಟುಹೋದ ಕ್ಯಾಸೆಟ್ಟುಗಳ ಟೇಪನ್ನು ಎಳೆದು ಕಟ್ಟುತ್ತಿದ್ದೆವು. ಗಾಳಿಗೆ ಅದು ಗುಂಯ್ ಎನ್ನುತ್ತಿತ್ತು. ತಗಡಿನ ಡಬ್ಬ ಬಡಿಯುವುದು, ಕವಣೆ ಬೀಸುವುದು ಎಲ್ಲ ಇತ್ತು. ಇವೆಲ್ಲ ನಾಲ್ಕು ದಿನದ ಬೆದರಿಕೆ. ಬಾತುಗಳು ಬುದ್ಧಿವಂತ ಜಾತಿ, ಬೇಗ ಹೊಂದಿಕೊಂಡುಬಿಡುತ್ತಿದ್ದವು. ಅವು ಹೆದರುತ್ತಿದ್ದದ್ದು ಅತ್ತೆಯ ಗಂಟಲಿಗೆ ಮಾತ್ರ. ಹೊತ್ತು ಮುಳುಗುವಾಗ ಅಟ್ಟಣೆ ಹತ್ತಿ, ಸೆರಗು ಬಿಗಿದು ನಿಂತು ಅವಳು ಒಂದು ಸಲ ಹೋ... ಎಂದರೆ ಆ ಕೂಗು ನೀರಿನ ಮೇಲೆ ಹೋಗಿ ಆಚೆ ದಡದ ಬಂಡೆಗೆ ತಾಗಿ ತಿರುಗಿ ಬರುತ್ತಿತ್ತು. ಇಳಿಯಲು ಬಂದ ಬಾತುಗಳು ಹಾಗೇ ಮೇಲಕ್ಕೆದ್ದು ತಿರುಗುತ್ತಿದ್ದವು. ಆಮೇಲೆ ಅವಳ ಬೈಗುಳ.

“ಏನ್ರಲೇ, ಕದ್ದು ಮುಚ್ಚಿ ತಿನ್ನಾಕೆ ಬಂದ್ರಾ? ಕೊಟ್ಟಿದ್ ಸಾಲಲ್ವಾ ನಿಮಗೆ? ಎದ್ದಾಗ್ಲಿಂದ ಮಲಗೋಗಂಟ ಗೆಯ್ದು ಆಕಿದ್ರೂ ಉಪ್ಪಿಲ್ಲ, ಉಳಿ ಇಲ್ಲ ಅಂತೀರಾ? ಆ ಮೂಗ ನಿಮ್ಮಗ, ಅವನ ಬಾಯಿಗೇನು ಬೀಗ ಜಡಿದಿದ್ದೀರಾ?”

ಉಪ್ಪು ಹುಳಿಗೂ ಬಾತಿಗೂ ಏನು ಸಂಬಂಧ ಎಂದು ನಾನು ಅವ್ವನನ್ನು ಕೇಳಿದ್ದೆ. “ಸುಮ್ಕಿರು,” ಎಂದು ಅವ್ವ ನಕ್ಕಳು. ಪಕ್ಕದ ಹೊಲಗಳವರೂ ಕೇಳಿ ನಗುತ್ತಿದ್ದರು. ವರ್ಷವೆಲ್ಲ ನಾಲೆ ಬಯಲಿನಲ್ಲಿ ನುಂಗಿಕೊಂಡದ್ದನ್ನು ಅತ್ತೆ ನಮ್ಮ ಕೆರೆಯ ಮೇಲೆ ಕಕ್ಕಿಬಿಡುತ್ತಿದ್ದಳು. ಕೂಗಿ ಸುಸ್ತಾಗಿ ಅಟ್ಟಣೆ ಇಳಿದು ಬಂದವಳ ಮುಖ ಮಿಂದೆದ್ದ ಹಾಗೆ ಇರುತ್ತಿತ್ತು.

ಬೆಳಗಿನ ಜಾವ ಅವಳು ಇನ್ನೊಂದು ಕೆಲಸ ಮಾಡುತ್ತಿದ್ದಳು. ತೆಳುವಾದ ಬಿಳಿ ಬಟ್ಟೆಯನ್ನು ಕಡಲೆ ಗಿಡಗಳ ಮೇಲೆ ಹಾಸಿ, ಇಬ್ಬನಿಯ ಜೊತೆ ಗಿಡದ ಹುಳಿಯೆಲ್ಲ ಹೀರಿಕೊಂಡ ಮೇಲೆ ಅದನ್ನು ಸೀಸೆಗೆ ಹಿಂಡುವುದು. ಹೊಟ್ಟೆನೋವಿಗೆ ಅದು ಮನೆಮದ್ದು. ಬಟ್ಟೆಯ ಒಂದು ತುದಿ ಅವಳಿಗೆ, ಇನ್ನೊಂದು ನನಗೆ. ಹಿಂಡಿದ ಬೆರಳನ್ನು ನನ್ನ ನಾಲಿಗೆಗೆ ಮುಟ್ಟಿಸಿ ನಾನು ಮುಖ ಕಿವಿಚುವುದನ್ನು ನೋಡಿ ನಗುತ್ತಿದ್ದಳು. ಆ ಹುಳಿ, ಆ ಚಳಿ, ಪೂರ್ವ ಕೆಂಪಾಗುತ್ತಿದ್ದಂತೆ ನಮ್ಮ ತಲೆಯ ಮೇಲೆಯೇ ನೀರಿಗೆ ವಾಪಸ್ಸು ಹೋಗುವ ಬಾತುಗಳ ರೆಕ್ಕೆಯ ಸದ್ದು ನನಗೆ ಇಂದಿಗೂ ಬೇಕು. ದುಡ್ಡು ಕೊಟ್ಟು ಕೊಳ್ಳುವಂತಿದ್ದರೆ ಯಾವಾಗಲೋ ಕೊಂಡಿರುತ್ತಿದ್ದೆ.

ಒಂದು ವರ್ಷ ಅಪ್ಪನಿಗೆ ತಲೆ ಕೆಟ್ಟು, ಮೈಸೂರಿನಿಂದ ಆನೆಪಟಾಕಿ ತಂದ. ಒಂದೇ ಸಂಜೆಯಲ್ಲಿ ಎಲ್ಲ ಹೊಡೆದು ಬಾತುಗಳನ್ನು ಊರೇ ಬಿಡಿಸುತ್ತೇನೆಂದು ಶಪಥ ಮಾಡಿದ. ಸಂಜೆ ನೋಡಿದರೆ ಪಟಾಕಿಯ ಡಬ್ಬ ಬಚ್ಚಲಿನಲ್ಲಿ ನೀರು ಕುಡಿದು ಉಬ್ಬಿಕೊಂಡಿತ್ತು. ಅಜ್ಜಿ ಮಣೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಾ, “ಇಲಿ ಎಳ್ಕೊಂಡೋಗಿರ್ಬೇಕು ಕಣ್ಲಾ,” ಎಂದಳು. ಅಷ್ಟು ದೊಡ್ಡ ಡಬ್ಬ ಎಳೆಯುವ ಇಲಿ ಯಾವುದೆಂದು ಅಪ್ಪ ಕೇಳಲಿಲ್ಲ. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಿಲಿಗೆ ಓಡಿದಳು.

ಶಿವರಾತ್ರಿ ದಾಟಿ ಬಿಸಿಲು ಏರಿದ ಮೇಲೆ ಒಂದು ಬೆಳಿಗ್ಗೆ ಕೆರೆ ಸದ್ದಿಲ್ಲದೆ ಇರುತ್ತಿತ್ತು. ಅಜ್ಜಿ ಕಡಲೆ ಕೇರಿ ಕುಕ್ಕೆಗೆ ತುಂಬುತ್ತಿದ್ದಳು. ಅತ್ತೆ ಸೂರಿನಿಂದ ಗರಿಗಳನ್ನು ಬಿಡಿಸಿಕೊಳ್ಳುತ್ತಿದ್ದಳು. ಮಾತು ಮಾತೇ. ಒಂದು ದಿನವೂ ಹೆಚ್ಚಿಗೆ ಇರಿಸಿಕೊಂಡವರಲ್ಲ ನಮ್ಮವರು.

ಕಾರ್ತಿಕ ಕಳೆದರೂ ಹಕ್ಕಿ ಬರಲಿಲ್ಲವೆಂದು ಅಜ್ಜಿ ಮೊದಲ ಸಲ ಗೊಣಗಿದ್ದು ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಇರಬೇಕು. ಬರುತ್ತವೆ ಬಿಡು ಎಂದುಕೊಂಡೆವು, ಬಂದವು ಕೂಡ. ಮುಂದಿನ ವರ್ಷಗಳಲ್ಲಿ ಧನುರ್ಮಾಸವೂ ಅರ್ಧ ಕಳೆಯತೊಡಗಿತು. ಆಮೇಲೆ ಸಂಕ್ರಾಂತಿಯ ಆಸುಪಾಸಿಗೆ ಬಂದು ಇಳಿಯುವುದು, ಶಿವರಾತ್ರಿಗೆ ಕಾಯದೆ ಎದ್ದು ಹೋಗುವುದು. ಬರುವ ಗುಂಪೂ ತೆಳ್ಳಗಾಗುತ್ತಾ ಹೋಯಿತು. ಅತ್ತೆಯ ತವರು ಎರಡೂ ಕಡೆಯಿಂದ ಸವೆಯುತ್ತಿತ್ತು. ಮೊದಲು ಟ್ರಂಕಿನಲ್ಲಿ ಸೀರೆ ತರುತ್ತಿದ್ದವಳು ಆಮೇಲೆ ವೈರಿನ ಬ್ಯಾಗಿನಲ್ಲಿ ತರತೊಡಗಿದಳು.

ಮೈಸೂರಿನಿಂದ ಕೊರಳಿಗೆ ದುರ್ಬೀನು ತಗುಲಿಸಿಕೊಂಡು ಸ್ಕೂಟರಿನಲ್ಲಿ ಬರುವ ನಿವೃತ್ತ ಮೇಷ್ಟರೊಬ್ಬರಿದ್ದರು. ಏರಿಯ ಮೇಲೆ ಕುಳಿತು ಹಕ್ಕಿ ನೋಡಿ, ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಅಜ್ಜಿ ಅವರನ್ನು ಹಿಡಿದುಕೊಂಡಳು. “ಯಾಕ್ ಸಾ, ಬಾತಿಗೇನಾಯ್ತು? ನಮ್ ಕೆರೆ ಮೇಲೆ ಮುನಿಸ್ಕೊಂಡವಾ?”

ಮೇಷ್ಟರು ಸಮಾಧಾನವಾಗಿ ಹೇಳಿದರು. ಅಲ್ಲಿ ಅವುಗಳ ಊರಿನಲ್ಲಿ ಹಿಮ ಬಿದ್ದು ಕೆರೆಗಳು ಕಲ್ಲಾಗುತ್ತಿದ್ದವು, ಮೇಯಲು ಹುಲ್ಲಿರುತ್ತಿರಲಿಲ್ಲ, ಅದಕ್ಕೇ ಇಷ್ಟು ದೂರ ಬರುತ್ತಿದ್ದವು. ಈಗೀಗ ಭೂಮಿ ಬಿಸಿಯಾಗಿ ಅಲ್ಲಿ ಚಳಿಯೇ ತಡ, ಬೇಸಿಗೆ ಬೇಗ. ಉತ್ತರದ ಕಡೆ ಎಲ್ಲೋ ನೀರು, ಹಸಿರು ಸಿಕ್ಕರೆ ಅಲ್ಲೇ ಇಳಿದುಬಿಡುತ್ತವೆ. “ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲಮ್ಮ. ಕೆರೆಯೂ ಮೊದಲಿನ ಹಾಗಿಲ್ಲ, ಮಳೆಯೂ ಇಲ್ಲ. ಆದರೆ ಅಲ್ಲೇ ಬದುಕಕ್ಕಾದ್ರೆ ಯಾಕೆ ಇಷ್ಟು ದೂರ ರೆಕ್ಕೆ ಬಡೀತವೆ, ಹೇಳಿ?”

ಅಜ್ಜಿ ಮಜ್ಜಿಗೆ ಲೋಟ ಎತ್ತಿಕೊಂಡು ಒಳಗೆ ಹೋಗುವಾಗ, “ಅಲ್ಲೇ ಸುಕವಾಗಿದ್ರೆ ಸರಿ ಬುಡಿ ಸಾ. ಎಣ್ಮಕ್ಳೂ ಅಂಗೇ ಅಲ್ವಾ,” ಎಂದಳು. ಅತ್ತೆ ಅಲ್ಲಿ ಸುಖವಾಗಿಲ್ಲ ಎಂದು ಅಜ್ಜಿಗೆ ಗೊತ್ತಿತ್ತು. ಬಾತುಗಳು ಸುಖವಾಗಿದ್ದದ್ದೇ ಅತ್ತೆಗೆ ಮುಳುವಾಯಿತೆಂದು ನನಗೆ ಮೇಷ್ಟರ ಮೇಲೆ, ಹಿಮಾಲಯದ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು.

ಎರಡು ಸಾವಿರ ಇಸವಿ ಕಳೆದ ಮೇಲೆ ಒಂದು ವರ್ಷ ಬಾತುಗಳು ಬರಲೇ ಇಲ್ಲ. ಆ ವರ್ಷ ಕಡಲೆ ಎಂದೂ ಇಲ್ಲದ ಹಾಗೆ ತುಂಬಿ ಬಂತು. ಒಂದು ಕುಡಿಯೂ ಮುರಿದಿರಲಿಲ್ಲ. ಊರಿನವರು ಹೊಲ ನೋಡಿ ಹೊಗಳಿ ಹೋದರು. ಅಜ್ಜಿ ಬದುವಿನ ಮೇಲೆ ಕುಳಿತು ಗಳಗಳನೆ ಅತ್ತಳು. ತುಂಬಿದ ಬೆಳೆ ನೋಡಿ ಅತ್ತವಳು ತಾಲ್ಲೂಕಿನಲ್ಲಿ ಅವಳೊಬ್ಬಳೇ ಇರಬೇಕು.

ಸಂಕ್ರಾಂತಿ ಕಳೆದ ಮೇಲೆ ಅಪ್ಪನನ್ನು ಕರೆದು, “ಓಗ್ಲಾ, ಬಾತು ಬಂದವೆ ಅಂತ ಏಳ್ಬುಟ್ಟು ಕರ್ಕೊಂಡ್ ಬಾ,” ಎಂದಳು.

“ಬಂದಿಲ್ವಲ್ಲವ್ವಾ. ಅವ್ರಿಗೇನು ಕಣ್ಣಿಲ್ವಾ? ಅವ್ರೂರ್ ಪಕ್ಕದ ನದಿ ಮೇಲಿಂದ್ಲೇ ಅಲ್ವಾ ಅವು ಬರೋದು? ಸುಳ್ಳೇಳಿ ಆ ಜಗಲಿ ಮೇಲೆ ಎಂಗ್ ಕೂತ್ಕೊಳ್ಳಲಿ?”

ಈಗ ಯೋಚಿಸಿದರೆ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ‘ಅವ್ವನಿಗೆ ನೋಡಬೇಕು ಅನ್ನಿಸಿದೆ, ತಂಗಿಯನ್ನು ಕಳಿಸಿ’ ಎಂದು ಅಪ್ಪ ಕೇಳಬಹುದಿತ್ತು. ಅಷ್ಟು ಸಲೀಸಾದ ಮಾತು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದರೂ ಬಾಯಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ಬಾತಿನ ಹೆಸರಿನಲ್ಲಿ ಕೇಳಿದವರು ಈಗ ಸುಮ್ಮನೆ ಕಳಿಸಿ ಎಂದರೆ, ಇಷ್ಟು ವರ್ಷವೂ ಕೇಳಿದ್ದು ಬಾತಿಗಾಗಿ ಅಲ್ಲವೆಂದು ಒಪ್ಪಿಕೊಂಡ ಹಾಗೆ. ಮರ್ಯಾದೆಯ ಪ್ರಶ್ನೆ! ಬೆಳೆಯ ಕಾರಣಕ್ಕೆ ಮಗಳನ್ನು ಕೇಳಲು ನಮ್ಮವರಿಗೆ ಸಂಕೋಚವಿರಲಿಲ್ಲ. ಪ್ರೀತಿಯ ಕಾರಣಕ್ಕೆ ಕೇಳಲು ನಾಚಿಕೆ.

ಅಪ್ಪ ಹೋದ. ಸಂಜೆ ಒಬ್ಬನೇ ಬಂದ. ಅಲ್ಲಿ ನಡೆದದ್ದನ್ನು ಆಮೇಲೆ ಅತ್ತೆಯೇ ನನಗೆ ಹೇಳಿದಳು. ನಾಲೆ ಏರಿಯ ಮೇಲೆ ಅಣ್ಣನ ಬಿಳಿ ಪಂಚೆ ಕಂಡ ಕೂಡಲೇ ಅವಳು ಬ್ಯಾಗಿಗೆ ಸೀರೆ ತುಂಬಿಕೊಂಡಳಂತೆ. ಬಾಗಿಲ ಹಿಂದೆ ನಿಂತು ಆ ಒಂದು ಮಾತಿಗೆ ಕಿವಿಗೊಟ್ಟಳಂತೆ. ಅಪ್ಪ ಕಬ್ಬಿನ ಮಾತಾಡಿದ, ನಾಲೆಗೆ ನೀರು ಬಿಡುವ ಮಾತಾಡಿದ, ಬಸ್ಸುಗಳ ಅವ್ಯವಸ್ಥೆಯ ಮಾತಾಡಿದ. ಗಂಟಲನ್ನೂ ಸರಿಮಾಡಿಕೊಂಡ. ಕಾಫಿ ಮುಗಿಸಿ, “ಸರಿ ಕಣಮ್ಮಾ, ಬತ್ತೀನಿ,” ಎಂದು ಎದ್ದುಬಿಟ್ಟ. ಯಜಮಾನಿ ಗರಿ ಕೆಳಗಿಟ್ಟು ಅವನು ಹೋಗುವುದನ್ನೇ ನೋಡುತ್ತಿದ್ದರಂತೆ. ಅತ್ತೆ ಒಳಗೆ ಹೋಗಿ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಗಳುವಿಗೆ ಹಾಕಿದಳಂತೆ. ಅಜ್ಜಿ ಅಪ್ಪನ ಜೊತೆ ಮಾತು ಬಿಟ್ಟಳು.

ಮುಂದಿನ ಚಳಿಗಾಲದ ಹೊತ್ತಿಗೆ ನಾನು ನಂಜನಗೂಡಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಊರಿನಿಂದಲೇ ಓಡಾಡುತ್ತಿದ್ದೆ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಂಜೆ ನಾನು ಬಸ್ಸಿಳಿದು ಬಂದರೆ ಅವಳ ಮೊದಲ ಪ್ರಶ್ನೆ, “ಕೂಗಿದ್ವಾ?” ಇಲ್ಲವೆಂದರೆ ಗೋಡೆಗೆ ತಿರುಗಿ ಮಲಗುತ್ತಿದ್ದಳು. ಧನುರ್ಮಾಸ ಕಳೆಯಿತು, ಸಂಕ್ರಾಂತಿ ಎಳ್ಳು ಬೀರಿದ್ದಾಯಿತು. ಕೆರೆಯಲ್ಲಿ ನೀರುಕಾಗೆಗಳನ್ನು ಬಿಟ್ಟರೆ ಏನೂ ಇಲ್ಲ.

ಒಂದು ಭಾನುವಾರ ನಾನು ಅಂಗಳ ಗುಡಿಸುತ್ತಿದ್ದೆ. ಆಟೋ ಬಂದು ನಿಂತಿತು. ಅತ್ತೆ ಇಳಿದಳು. ಅವಳ ಹಿಂದೆ, ಸೊಂಟ ಹಿಡಿದುಕೊಂಡು, ಯಜಮಾನಿ ಇಳಿದರು. ಮದುವೆಯ ದಿನ ಬಿಟ್ಟರೆ ಆಕೆ ನಮ್ಮ ಮನೆಯ ಹೊಸಿಲು ತುಳಿದವರಲ್ಲ. ಯಾರೋ ಸತ್ತರೆಂದೇ ಅವ್ವ ಎದೆ ಒತ್ತಿಕೊಂಡಳು.

ಯಜಮಾನಿ ಕಾಲು ತೊಳೆದುಕೊಂಡು ನೇರ ಅಜ್ಜಿಯ ಚಾಪೆಯ ಹತ್ತಿರ ಹೋಗಿ ಕುಳಿತು ಅವಳ ಕೈ ಹಿಡಿದುಕೊಂಡರು.

“ಏರಿ ಮೇಲೆ ಬತ್ತಾ ನೋಡ್ದೆ ಬೀಗಿತ್ತಮ್ಮಾ. ಏನ್ ಬಾತು ಕಣವ್ವಾ ಈ ವರ್ಸ! ನೀರೇ ಕಾಣಾಕಿಲ್ಲ. ನಿಮ್ಮೊಲ ಉಳೀಬೇಕಲ್ಲಾಂತ ಸೊಸೇನ ನಾನೇ ಕರ್ಕೊಂಡ್ ಬಂದೆ.”

ಅವ್ವ ನನ್ನ ಮುಖ ನೋಡಿದಳು. ಅತ್ತೆ ಕಂಬ ಹಿಡಿದು ನಿಂತಿದ್ದಳು. ಅಜ್ಜಿ ಮಬ್ಬುಗಣ್ಣನ್ನು ದನಿ ಬಂದ ಕಡೆಗೆ ತಿರುಗಿಸಿದಳು. ಹಿಂದಿನ ಸಂಜೆಯಷ್ಟೇ ನನ್ನ ಬಾಯಿಂದ ಇಲ್ಲವೆಂದು ಕೇಳಿದ್ದವಳು.

“ಊಂ ಕಣವ್ವಾ,” ಎಂದಳು. “ಬೆಳಗಾನ ಕೂಗಾಟ. ಕಿವಿ ತೂತು ಬೀಳ್ತದೆ. ಕುಡಿ ಒಂದೂ ಬುಟ್ಟಿಲ್ಲ ಮನೆಹಾಳು ಬಾತ್ಗಳು.”

“ಬುಟ್ಟಾವಾ! ಅವಕ್ಕೇನು ದಯ ದಾಕ್ಷಿಣ್ಯ,” ಎಂದರು ಯಜಮಾನಿ.

ಇಬ್ಬರು ಮುದುಕಿಯರೂ ಒಬ್ಬರ ಕೈಯನ್ನೊಬ್ಬರು ಬಿಡದೆ, ಇಲ್ಲದ ಬಾತುಗಳನ್ನು ಮನಸಾರೆ ಬಯ್ದರು. ನಾನು ಪೊರಕೆ ಹಿಡಿದುಕೊಂಡೇ ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ಯಜಮಾನಿ ಅಂದು ಉಳಿದರು. ಸಂಜೆ ತಾವೂ ಹೊಲ ನೋಡಬೇಕೆಂದು ನನ್ನ ಹೆಗಲು ಹಿಡಿದುಕೊಂಡು ಬಂದು ಬದುವಿನ ಮೇಲೆ ಕುಳಿತರು. ಕಡಲೆ ಗಿಡಗಳು ಒತ್ತಾಗಿ, ತಲೆ ಎತ್ತಿಕೊಂಡು ನಿಂತಿದ್ದವು. ಅತ್ತೆ ಅಟ್ಟಣೆ ಹತ್ತಿದಳು. ಕಾವಲಿಗೆ ಬಂದ ಮೇಲೆ ಕಾಯಲೇಬೇಕಲ್ಲ. ಸೆರಗು ಬಿಗಿದು ನಿಂತಳು. ಬಹಳ ಹೊತ್ತು ನಿಂತೇ ಇದ್ದಳು. ಬಯ್ಯಲು ಎದುರಿಗೆ ಬಾತುಗಳಿಲ್ಲ. ಬಯ್ಯಬೇಕಾದವರು ಕೆಳಗೆ ಬದುವಿನ ಮೇಲೆ, ಮಂಡಿ ನೀವಿಕೊಳ್ಳುತ್ತಾ ಕುಳಿತಿದ್ದಾರೆ.

ಆಮೇಲೆ ಕೂಗಿದಳು. “ಬನ್ರೋ...” ಎಂದಳು. “ಬನ್ರಲೇ... ಎಲ್ಲಿದ್ದೀರಿ... ಬನ್ನಿ... ತಿನ್ಬನ್ನಿ...”

ಓಡಿಸಲು ಎತ್ತುತ್ತಿದ್ದ ಅದೇ ದನಿ. ನೀರಿನ ಮೇಲೆ ಹೋಗಿ, ಬಂಡೆಗೆ ತಾಗಿ, ತಿರುಗಿ ಬಂತು. ಏನೂ ಮೇಲೇಳಲಿಲ್ಲ. ಮತ್ತೆ ಕೂಗಿದಳು, ಮತ್ತೆ ಮತ್ತೆ ಕೂಗಿದಳು. ಯಜಮಾನಿ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದರು.

“ಇವಳಿಗೆ ಇಷ್ಟು ಗಂಟಲೈತೆ ಅಂತ ನಂಗೊತ್ತೇ ಇರ್ನಿಲ್ಲ ಕಣವ್ವಾ,” ಎಂದರು ನನ್ನ ಕಡೆ ತಿರುಗಿ. ಸ್ವಲ್ಪ ಹೊತ್ತಿನ ಮೇಲೆ, “ನಮ್ಮನೇಲಿ ಒಂದ್ ದಿನಾನೂ ಎತ್ನಿಲ್ಲವಲ್ಲ,” ಎಂದು ತಮಗೇ ಹೇಳಿಕೊಂಡರು.

ಬೆಳಿಗ್ಗೆ ಹೊರಡುವಾಗ ಅತ್ತೆ ಆಟೋವರೆಗೂ ಬಂದಳು. ಯಜಮಾನಿ ಒಳಗೆ ಕುಳಿತು ಸೆರಗು ಸರಿಮಾಡಿಕೊಂಡು, “ಬಾತು ಓದ್ಮೇಲೆ ಬಾ,” ಎಂದರು. ಆಟೋ ಸ್ಟಾರ್ಟಾದ ಮೇಲೆ ತಲೆ ಹೊರಗೆ ಹಾಕಿ, “ಈ ಸಲ ಗರಿ ತರಬೇಡ ಕಣೇ. ಮನೇಲಿ ಬೇಕಾದಷ್ಟವೆ,” ಎಂದರು.

ಬರದೇ ಇದ್ದ ಹಕ್ಕಿ ಹೋಗುವುದು ಯಾವಾಗ? ಅತ್ತೆ ಶಿವರಾತ್ರಿ ದಾಟಿ, ಯುಗಾದಿಯೂ ಕಳೆದು, ನಮ್ಮ ಮನೆಯಲ್ಲೇ ಇದ್ದಳು. ಅಲ್ಲಿಂದ ಯಾರೂ ಕೇಳಿಕೊಂಡು ಬರಲಿಲ್ಲ. ಹಕ್ಕಿಗಳಿದ್ದ ಕಾಲದಲ್ಲೂ ಅಷ್ಟು ದಿನ ಇದ್ದವಳಲ್ಲ. ಅಜ್ಜಿಯ ತಲೆಗೆ ಎಣ್ಣೆ ಹಚ್ಚಿದಳು, ಅನ್ನ ಕಲಸಿ ಕೊಟ್ಟಳು, ಸಂಜೆಯಾದರೆ ಅಟ್ಟಣೆಯಿಂದ ಒಂದೆರಡು ಕೂಗು ಹಾಕಿ ಬರುತ್ತಿದ್ದಳು. ಚಾಪೆಯ ಮೇಲಿಂದ ಅಜ್ಜಿ ಕೇಳಿಸಿಕೊಳ್ಳುತ್ತಿದ್ದಳು. ಆ ಬೇಸಿಗೆಯಲ್ಲೇ, ಅತ್ತೆಯ ಮಡಿಲಲ್ಲಿ ತಲೆಯಿಟ್ಟು, ಅಜ್ಜಿ ತೀರಿಕೊಂಡಳು. ಯಜಮಾನಿಯೂ ಕೆಲವೇ ವರ್ಷಗಳಲ್ಲಿ ಹೋದರು. ಅವರು ಹೋದಾಗ ಅತ್ತೆ ಅತ್ತದ್ದನ್ನು ಕಂಡು ಎರಡೂ ಊರಿನವರಿಗೆ ಆಶ್ಚರ್ಯವಾಯಿತು. ನನಗೆ ಆಗಲಿಲ್ಲ.

ಈಗ ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ಮಗ ಬೈಕಿನಲ್ಲಿ ಕೂರಿಸಿಕೊಂಡು ಬಂದು ಬಿಡುತ್ತಿದ್ದ. ಬಂದರೆ ಎರಡು ದಿನ ಇರುತ್ತಿದ್ದಳು, ಮೂರನೆಯ ದಿನ ಚಡಪಡಿಕೆ. ಹೊಲದಲ್ಲಿ ಅಟ್ಟಣೆ ಕುಸಿದುಬಿದ್ದಿತ್ತು. ಬಾತುಗಳ ಜಾಗಕ್ಕೆ ನವಿಲುಗಳು ಬಂದಿದ್ದವು. ನಾನು ಚಿಕ್ಕವಳಿದ್ದಾಗ ನಮ್ಮ ಹೊಲದಲ್ಲಿ ನವಿಲು ಕಂಡ ನೆನಪೇ ಇಲ್ಲ. ಅವು ಬಂದು ಊರಿನವೇ ಆಗಿಹೋದವು, ವರ್ಷಪೂರ್ತಿ ತಿನ್ನುತ್ತವೆ. ಅಪ್ಪ ಹೊಲದ ಸುತ್ತ ಹಳೆಯ ಸೀರೆ ಕಟ್ಟಿ ಸುಮ್ಮನಾಗಿಬಿಟ್ಟ. ಅತ್ತೆ ಅವುಗಳನ್ನು ಒಂದು ಸಲವೂ ಬಯ್ಯಲಿಲ್ಲ.

ಎಲ್ಲರ ಕೈಗೂ ಮೊಬೈಲು ಬಂದಿದ್ದ ಕಾಲ. ಒಂದು ಮಾಘ ಮಾಸದ ಬೆಳಿಗ್ಗೆ, ಕೆಲಸಕ್ಕೆ ಹೊರಟವಳು ಏರಿಯ ಮೇಲೆ ಆ ಮೂಗಿನ ಸದ್ದು ಕೇಳಿ ನಿಂತುಬಿಟ್ಟೆ. ದೂರದ ನೀರಿನಲ್ಲಿ ಒಂದು ಸಣ್ಣ ಗುಂಪು. ಬಿಳಿ ತಲೆ, ಎರಡು ಗೀಟು. ಅತ್ತೆಗೆ ಫೋನು ಮಾಡಿದೆ.

“ಬಾತು ಬಂದವೆ,” ಎಂದೆ.

“ಒಲದಲ್ಲಿ ಯಾರವ್ರೆ?” ಎಂದಳು.

“ಯಾರೂ ಇಲ್ಲ.”

“ಇರು, ಬತ್ತೀನಿ.”

ಮಗನ ಬೈಕಿಗೆ ಕಾಯದೆ ಬಸ್ಸು ಹತ್ತಿ, ನರಸೀಪುರದಲ್ಲಿ ಬದಲಾಯಿಸಿ, ನಂಜನಗೂಡಿನಲ್ಲಿ ಬದಲಾಯಿಸಿ ಬಂದಳು. ಟ್ರಂಕು ತಂದಿದ್ದಳು, ಆ ಹಳೆಯ ಟ್ರಂಕು. ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ನಾನು ಅರ್ಧ ದಿನ ರಜೆ ಹಾಕಿ ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದೆ. ಇಬ್ಬರೂ ಟ್ರಂಕನ್ನು ಆ ತುದಿ ಈ ತುದಿ ಹಿಡಿದುಕೊಂಡು ಏರಿಗೆ ಹೋದೆವು. ಬಿಸಿಲು ಜೋರಾಗಿತ್ತು. ಕೆರೆ ಖಾಲಿ. ದಾರಿಯಲ್ಲಿ ದಣಿವಾರಿಸಿಕೊಳ್ಳಲು ಇಳಿದಿದ್ದವೋ ಏನೋ, ಎದ್ದು ಹೋಗಿದ್ದವು.

ಅತ್ತೆ ನನ್ನನ್ನು ಬಯ್ಯಲಿಲ್ಲ. ಬಾತುಗಳನ್ನೂ ಬಯ್ಯಲಿಲ್ಲ. ದಡಕ್ಕೆ ಇಳಿದು ಕೆಸರಿನ ಅಂಚಿನಲ್ಲಿ ಬಗ್ಗಿ ನೋಡುತ್ತಾ ನಡೆದಳು. ಒಂದು ಕಡೆ ನಿಂತು, ಒಂದು ಗರಿ ಎತ್ತಿಕೊಂಡಳು. ಹೊಟ್ಟೆಯ ಕಡೆಯ ಮೆತ್ತನೆಯ ಗರಿ. ನೀರಿನಲ್ಲಿ ಅದ್ದಿ ತೊಳೆದಳು, ಸೆರಗಿನಲ್ಲಿ ಒತ್ತಿ ಒರೆಸಿದಳು, ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳಿಗೂ ವಯಸ್ಸಾಗಿದೆ ಎಂಬುದು ಆಗಲೇ ನನಗೆ ಕಂಡದ್ದು.

“ಇದ್ನ ಈಗ ಯಾರಿಗ್ ತಗೊಂಡೋಗ್ಲಿ?” ಎಂದು ಕೇಳಿದಳು.